ಬಚ್ಚಲುಮನೆಯ ನೆನಪು, ನಾಲ್ಕಡಿ ಐದಡಿ ಕ್ಯಾನ್ವಾಸಿನ ಮೇಲೆ

ಹೆಂಚಿನ ಮನೆಯ ಹಿಂಬದಿಗೆ ಒಂದು ಬಚ್ಚಲುಮನೆ. ಮಸಿ ಹಿಡಿದ ಗೋಡೆ, ಮೂಲೆಯಲ್ಲಿ ಗಾರೆಯೊಳಗೆ ಕೂರಿಸಿದ ತಾಮ್ರದ ಹಂಡೆ, ಅದರ ಕೆಳಗೆ ಒಲೆಯ ಬಾಯಿ, ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಬೆಳಗಿನ ಹೊತ್ತು ಆ ಹೆಂಚಿನಿಂದ ಇಳಿಯುವ ಬಿಸಿಲುಕೋಲು ಹೊಗೆಗೆ ಸಿಕ್ಕಿ ಕಂಬದ ಹಾಗೆ ನಿಲ್ಲುತ್ತದೆ. ಮಲೆನಾಡು, ಕರಾವಳಿಯ ಹಳೆಯ ಮನೆಗಳನ್ನು ಕಂಡವರಿಗೆ ಇದು ಹೊಸದಲ್ಲ. ನಾವಿಬ್ಬರು ಸೇರಿ ಈ ಒಂದು ಕೋಣೆಯ ನೆನಪಿನಿಂದ ನಾಲ್ಕಡಿ ಐದಡಿಯ ಅಮೂರ್ತ ಚಿತ್ರವೊಂದನ್ನು ಹನ್ನೊಂದು ವಾರಗಳಲ್ಲಿ ಮಾಡಿದೆವು. ಮುಗಿದ ಚಿತ್ರದಲ್ಲಿ ಹಂಡೆ ಇಲ್ಲ, ಒಲೆ ಇಲ್ಲ, ಗೋಡೆಯೂ ಇಲ್ಲ. ಆದರೆ ಅವೆಲ್ಲ ಅದರ ಕೆಳಗಿನ ಪದರಗಳಲ್ಲಿ ಇವೆ.

ಇಂಥ ಸುಪ್ತಮನಸ್ಸಿನ ಚಿತ್ರವೆಂದರೆ ಕಣ್ಣು ಮುಚ್ಚಿ ಬಣ್ಣ ಎರಚುವುದು ಎಂಬ ನಂಬಿಕೆ ಬಹಳ ಜನರಲ್ಲಿದೆ. ನಮ್ಮ ಅನುಭವ ಅದಕ್ಕೆ ವಿರುದ್ಧ. ಕೈ ಯೋಚಿಸದೆ ಓಡಬೇಕಾದರೆ ಅದರ ಕೆಳಗಿನ ನೆಲ ಗಟ್ಟಿಯಿರಬೇಕು. ಯಾವ ಪದರ ಎಷ್ಟು ಹೊತ್ತಿಗೆ ಒಣಗುತ್ತದೆ, ಯಾವುದರ ಮೇಲೆ ಯಾವುದು ನಿಲ್ಲುತ್ತದೆ ಎಂಬ ಲೆಕ್ಕ ಮೊದಲೇ ಮುಗಿದಿರಬೇಕು. ಇಲ್ಲದಿದ್ದರೆ ಐದು ವರ್ಷಕ್ಕೆ ಬಣ್ಣ ಸಿಪ್ಪೆ ಏಳುತ್ತದೆ, ಚಿತ್ರದ ಜೊತೆಗೆ ನೆನಪೂ ಉದುರುತ್ತದೆ.

ಮೊದಲ ವಾರ ಕ್ಯಾನ್ವಾಸ್ ಮುಟ್ಟಲೇ ಇಲ್ಲ. ಕೇಂಬ್ರಿಡ್ಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ವಿಧಾನವಿದೆ. ಓದಿದ ಕಥೆಯನ್ನೋ ನೋಡಿದ ಚಿತ್ರವನ್ನೋ ಅದೇ ವ್ಯಕ್ತಿಯಿಂದ ಬೇರೆ ಬೇರೆ ದಿನ ಮತ್ತೆ ಮತ್ತೆ ನೆನಪಿನಿಂದ ಬರೆಸುವುದು. ಪ್ರತಿ ಸಲವೂ ಅದು ಬದಲಾಗುತ್ತದೆ. ಕೆಲವು ಭಾಗ ಬಿಟ್ಟುಹೋಗುತ್ತವೆ, ಕೆಲವು ಪರಿಚಿತ ವಸ್ತುಗಳ ಆಕಾರಕ್ಕೆ ತಿರುಗುತ್ತವೆ, ಇಲ್ಲದ್ದೂ ಸೇರಿಕೊಳ್ಳುತ್ತದೆ. ನೆನಪೆಂದರೆ ಪೆಟ್ಟಿಗೆಯಿಂದ ತೆಗೆಯುವ ವಸ್ತುವಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುವ ಗುಡಿಸಲು ಎಂದು ಅವರು ತೋರಿಸಿದರು. ನಾವು ಇದನ್ನೇ ಚಿತ್ರದ ತಯಾರಿಯಾಗಿ ಬಳಸಿದೆವು. ಏಳು ದಿನ, ದಿನಕ್ಕೊಂದು ಎ4 ಹಾಳೆ, ಇದ್ದಿಲಿನ ಕಡ್ಡಿ, ಹತ್ತು ನಿಮಿಷ. ಬರೆದದ್ದನ್ನು ಕೂಡಲೇ ಲಕೋಟೆಗೆ ಹಾಕಿ ಅಂಟಿಸಬೇಕು, ಏಳನೆಯ ದಿನದವರೆಗೆ ತೆರೆಯಬಾರದು. ಹಿಂದಿನ ದಿನದ ಹಾಳೆ ನೋಡಿದರೆ ಕೈ ನೆನಪನ್ನು ಬಿಟ್ಟು ಹಾಳೆಯನ್ನು ನಕಲು ಮಾಡತೊಡಗುತ್ತದೆ, ಇಡೀ ವಾರ ವ್ಯರ್ಥ.

ಏಳನ್ನೂ ನೆಲದ ಮೇಲೆ ಸಾಲಾಗಿ ಹರಡಿದಾಗ ಕಂಡದ್ದು ಇದು. ಹಂಡೆ ಮೊದಲ ಮೂರು ಹಾಳೆಗಳಲ್ಲಿತ್ತು, ನಾಲ್ಕರಿಂದ ಮಾಯ. ಬಾಗಿಲು ಮೊದಲ ದಿನ ಎಡಕ್ಕಿತ್ತು, ಏಳನೆಯ ದಿನ ಬಲಕ್ಕೆ ಹೋಗಿತ್ತು. ಬಿಸಿಲುಕೋಲು ಏಳರಲ್ಲೂ ಇತ್ತು, ದಿನದಿಂದ ದಿನಕ್ಕೆ ದಪ್ಪವಾಗುತ್ತ, ಓರೆ ಕಡಿಮೆಯಾಗುತ್ತ ಬಂದಿತ್ತು. ಚಿತ್ರದ ಮುಖ್ಯ ರೂಪ ಅಲ್ಲಿಗೆ ನಿರ್ಧಾರವಾಯಿತು. ಕಪ್ಪಿನೊಳಗೆ ಒಂದು ಓರೆ ಬೆಳಕು, ಅದರ ಎರಡು ಬದಿಗೂ ಒಂದೇ ಬಾಗಿಲಿನ ಎರಡು ಸುಳಿವು. ಚಿತ್ರಕಾರ ಎಸ್. ಎಚ್. ರಜಾ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಬಿಂದುವಿನ ಮೂಲ, ಶಾಲೆಯಲ್ಲಿ ಮೇಷ್ಟ್ರು ಗೋಡೆಯ ಮೇಲೆ ಇಟ್ಟು ತೋರಿಸಿದ ಒಂದು ಚುಕ್ಕೆ. ಆ ಶಾಲೆಯ ಉಳಿದ ಯಾವ ವಿವರವೂ ಆ ಚಿತ್ರಗಳಿಗೆ ಬೇಕಾಗಲಿಲ್ಲ. ನೆನಪಿನ ಚಿತ್ರಕ್ಕೆ ಎಲ್ಲವನ್ನೂ ತುಂಬುವ ಆಸೆ ಬಿಡಬೇಕು, ಏಳು ದಿನವೂ ಉಳಿದದ್ದು ಸಾಕು.

ಇನ್ನು ಕ್ಯಾನ್ವಾಸ್. ಕೆರೆದು, ಒರೆಸಿ, ಉಜ್ಜುವ ಕೆಲಸ ಇರುವುದರಿಂದ ತೆಳು ಬಟ್ಟೆ ತಡೆಯುವುದಿಲ್ಲ. ಚದರ ಮೀಟರಿಗೆ 400 ಗ್ರಾಂ ಆಸುಪಾಸಿನ ಹತ್ತಿ ಕ್ಯಾನ್ವಾಸ್ ತಂದು, 48 ಅಂಗುಲ 60 ಅಂಗುಲದ ಚೌಕಟ್ಟಿಗೆ ಸುತ್ತಲೂ ಮೂರು ಮೂರು ಅಂಗುಲ ಹೆಚ್ಚಿಟ್ಟು 54 ಅಂಗುಲ 66 ಅಂಗುಲಕ್ಕೆ ಕತ್ತರಿಸಿದೆವು. ಚೌಕಟ್ಟಿನ ಪಟ್ಟಿ ಒಂದೂವರೆ ಅಂಗುಲ ದಪ್ಪ, ನಡುವೆ ಅಡ್ಡಪಟ್ಟಿ ಕಡ್ಡಾಯ. ಐದಡಿ ಉದ್ದದ ಮರ ಅಡ್ಡಪಟ್ಟಿ ಇಲ್ಲದಿದ್ದರೆ ಒಂದು ಮಳೆಗಾಲದಲ್ಲೇ ಬಾಗುತ್ತದೆ. ಪಟ್ಟಿಯ ಒಳ ಅಂಚು ಹಿಂದಕ್ಕೆ ಇಳಿಜಾರಾಗಿರಬೇಕು. ಚಪ್ಪಟೆ ಇದ್ದರೆ ಬಟ್ಟೆ ಅದಕ್ಕೆ ತಾಗಿ ಮುಂದೆ ಗೆರೆ ಮೂಡುತ್ತದೆ. ಪಿನ್ ಹೊಡೆಯುವಾಗ ನಾಲ್ಕು ಬದಿಯ ನಡುವಿನಿಂದ ಶುರುಮಾಡಿ, ಎದುರುಬದುರಾಗಿ ಎಳೆಯುತ್ತ ಮೂಲೆಗೆ ಹೋಗಬೇಕು. ಮೂಲೆಯಿಂದ ಶುರುಮಾಡಿದರೆ ನಡುವೆ ಉಬ್ಬು ಉಳಿಯುತ್ತದೆ, ಅದನ್ನು ಆಮೇಲೆ ತೆಗೆಯಲಾಗುವುದಿಲ್ಲ.

ಬಣ್ಣ ಹಿಡಿಯಲೆಂದು ಬಟ್ಟೆಗೆ ಮೊದಲು ಬಳಿಯುವ ಬಿಳಿ ತಳಪದರ ಗೆಸ್ಸೊ, ಮೂರು ಕೋಟು. ಮೊದಲನೆಯದಕ್ಕೆ ಐದನೇ ಒಂದು ಭಾಗ ನೀರು, ಉಳಿದೆರಡು ದಪ್ಪವಾಗಿಯೇ. ಒಂದು ಕೋಟು ಅಡ್ಡ, ಮುಂದಿನದು ಉದ್ದ. ನಡುವೆ ನಾಲ್ಕು ಗಂಟೆ ಬಿಟ್ಟು 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿದೆವು. ಇಪ್ಪತ್ತು ಚದರಡಿಗೆ ಒಟ್ಟು ಮುಕ್ಕಾಲು ಲೀಟರ್ ಹಿಡಿಯಿತು. ಖರ್ಚು ಉಳಿಸಲು ಗೋಡೆಗೆ ಬಳಿಯುವ ಪ್ರೈಮರ್ ಅಥವಾ ಬಿಳಿ ಗೋಂದಿಗೆ ಚಾಕ್‌ಪುಡಿ ಕಲಸಿ ಬಳಸುವವರಿದ್ದಾರೆ. ಗೋಡೆ ಅಲ್ಲಾಡುವುದಿಲ್ಲ, ಬಟ್ಟೆ ಅಲ್ಲಾಡುತ್ತದೆ. ಒಂದೆರಡು ವರ್ಷಕ್ಕೆ ಕೂದಲೆಳೆಯ ಬಿರುಕು ಬರುವುದು ಇದೇ ಕಾರಣಕ್ಕೆ. ಮೇಲೆ ಎಣ್ಣೆಬಣ್ಣ ಬರುವುದಿದ್ದರಿಂದ ಗೆಸ್ಸೊ ಮುಗಿಸಿ ಮೂರು ದಿನ ಸುಮ್ಮನೆ ಬಿಟ್ಟೆವು. ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆಂಥಾಲರ್ 1952ರಲ್ಲಿ ಗೆಸ್ಸೊ ಇಲ್ಲದ ಬರೀ ಬಟ್ಟೆಯ ಮೇಲೆ ನೀರಿನಂತೆ ತೆಳುವಾಗಿಸಿದ ಎಣ್ಣೆಬಣ್ಣ ಹರಿಸಿದರು. ಚೆಂದ ನಿಜ, ಆದರೆ ಆ ಬಣ್ಣದ ಸುತ್ತ ಎಣ್ಣೆಯ ಕಂದು ಉಂಗುರ ಹರಡುತ್ತದೆ, ಎಣ್ಣೆ ಕುಡಿದ ಬಟ್ಟೆ ಕ್ರಮೇಣ ಪೆಡಸಾಗುತ್ತದೆ.

ಮೊದಲ ಪದರ ಕಣ್ಣು ಮುಚ್ಚಿ ಎಳೆದ ಗೆರೆಗಳದ್ದು. ಫ್ರಾನ್ಸಿನ ಚಿತ್ರಕಾರ ಆಂದ್ರೆ ಮಾಸೋನ್ 1920ರ ದಶಕದಲ್ಲಿ ಯಾವ ವಿಷಯವನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಪೆನ್ನು ಓಡಿಸಿ, ಮೂಡಿದ ಗೆರೆಗಳೊಳಗೆ ರೂಪ ಹುಡುಕುತ್ತಿದ್ದರು. 1926–27ರಲ್ಲಿ ಕ್ಯಾನ್ವಾಸಿನ ಮೇಲೆ ಗೋಂದು ಚೆಲ್ಲಿ ಮರಳು ಉದುರಿಸಿಯೂ ಅದನ್ನೇ ಮಾಡಿದರು. ಇದರ ತೊಂದರೆಯೇನೆಂದರೆ ಪಳಗಿದ ಕೈಗೆ ಕಣ್ಣು ಮುಚ್ಚಿದರೂ ಅಭ್ಯಾಸ ಬಿಡುವುದಿಲ್ಲ. ಮಣಿಕಟ್ಟು ತನಗೆ ಗೊತ್ತಿರುವ ಬಳುಕನ್ನೇ ಎಳೆಯುತ್ತದೆ. ಅದಕ್ಕೆ ಎರಡಡಿ ಉದ್ದದ ಬಿದಿರುಕಡ್ಡಿಯ ತುದಿಗೆ ಇದ್ದಿಲು ಕಟ್ಟಿ, ಭುಜದಿಂದ ಎಳೆದೆವು. ಮೂರು ಮೂರು ನಿಮಿಷದ ನಾಲ್ಕು ಸುತ್ತು, ಎರಡು ಬಲಗೈ, ಎರಡು ಎಡಗೈ. ಮೊಬೈಲಿನಲ್ಲಿ ಗಂಟೆ ಇಟ್ಟಿದ್ದೆವು. ಮೂರು ನಿಮಿಷ ದಾಟಿದರೆ ಕೈ ಅಲಂಕಾರಕ್ಕೆ ಇಳಿಯುತ್ತದೆ. ಎಡಗೈಯ ಗೆರೆಗಳೇ ಕೊನೆಗೆ ಉಪಯೋಗಕ್ಕೆ ಬಂದವು. ನಡುಗುತ್ತವೆ, ಒತ್ತಡ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ತಡೆದು ಮುಂದೆ ಹೋಗುತ್ತವೆ.

ಇದ್ದಿಲನ್ನು ಹಿಡಿದು ನಿಲ್ಲಿಸದೆ ಮೇಲೆ ಬಣ್ಣ ಹಚ್ಚಿದರೆ ಎಲ್ಲ ಬೂದಿಬಣ್ಣಕ್ಕೆ ತಿರುಗುತ್ತದೆ. ಒಂದಡಿ ದೂರದಿಂದ ಫಿಕ್ಸೆಟಿವ್ ಎರಡು ತೆಳು ಕೋಟು ಸಿಂಪಡಿಸಿದೆವು, ಕಿಟಕಿ ಬಾಗಿಲು ಎಲ್ಲ ತೆರೆದು. ಹತ್ತಿರದಿಂದ ಒಂದೇ ಸಲ ಒದ್ದೆಯಾಗುವಷ್ಟು ಹೊಡೆದರೆ ಇದ್ದಿಲ ಪುಡಿ ಹನಿಯ ಜೊತೆ ಜಾರುತ್ತದೆ.

ಅದರ ಮೇಲೆ ಅಕ್ರಿಲಿಕ್‌ನ ನೀರುಬಣ್ಣದಂಥ ತೆಳು ಪದರ. ಹಳದಿ ಓಕರ್, ಕಾವಿ ಎಂದು ನಾವು ಕರೆಯುವ ಕೆಂಪು ಆಕ್ಸೈಡ್, ರಾ ಅಂಬರ್. ಮೂರೂ ಮಣ್ಣಿನ ಜಾತಿಯ ಬಣ್ಣಗಳು, ಕಾರಣ ಆ ಕೋಣೆಯ ನೆಲ ಮತ್ತು ಗೋಡೆ. ಬರೀ ನೀರು ಬೆರೆಸಿ ತೆಳುವಾಗಿಸಿದರೆ ಬಣ್ಣ ಹಿಡಿದಿಡುವ ಅಂಟು ಸಾಲದೆ ಹೋಗುತ್ತದೆ. ನೀರು ಅರ್ಧ, ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ಅಂಟು) ಅರ್ಧ ಇರಲಿ. ಪರೀಕ್ಷೆ ಸುಲಭ: ಒಣಗಿದ ಮೇಲೆ ಒದ್ದೆ ಬೆರಳಿನಿಂದ ತಿಕ್ಕಿ ನೋಡಿ, ಬೆರಳಿಗೆ ಬಣ್ಣ ಬಂದರೆ ಅಂಟು ಕಡಿಮೆ, ಮೇಲೊಂದು ಮೀಡಿಯಂ ಕೋಟು ಬೇಕು. ನಮ್ಮ ಮೊದಲ ತಪ್ಪು ಇಲ್ಲಿಯೇ ಆಯಿತು. ಓಕರ್ ಒದ್ದೆ ಇರುವಾಗಲೇ ಹೊಗೆಯ ಛಾಯೆಗೆಂದು ನೇರಳೆ ತಂದೆವು, ಅದು ಮಂಕಾಯಿತೆಂದು ಹಸಿರು ತಂದೆವು. ಹದಿನೈದು ನಿಮಿಷಕ್ಕೆ ಬಲಭಾಗದ ಎರಡಡಿ ಜಾಗ ಕೆಸರಾಯಿತು. ಎದುರುಬಣ್ಣಗಳು ಒದ್ದೆಯಲ್ಲಿ ಸೇರಿದರೆ ಒಂದನ್ನೊಂದು ಕೊಲ್ಲುತ್ತವೆ. ಅವನ್ನೇ ಒಂದು ಒಣಗಿದ ಮೇಲೆ ಇನ್ನೊಂದನ್ನು ತೆಳುವಾಗಿ ಹಚ್ಚಿದರೆ ಆಳ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ತೆಗೆದೆವು. ಅದು ಒಣಗಿದ ಅಕ್ರಿಲಿಕ್ ಅನ್ನೂ ಮೆತ್ತಗೆ ಮಾಡುತ್ತದೆ. ಆದರೆ ಗೆಸ್ಸೊ ಕೂಡ ಅಕ್ರಿಲಿಕ್ಕೇ, ಒಂದೇ ಕಡೆ ಹೆಚ್ಚು ತಿಕ್ಕಿದರೆ ಬಟ್ಟೆ ಕಾಣುತ್ತದೆ.

ಮೂರನೆಯ ಪದರಕ್ಕೆ ನಮ್ಮ ಹೆಚ್ಚಿನ ಸಮಯ ಹೋಯಿತು, ಇಡೀ ಚಿತ್ರದಲ್ಲಿ ನಮಗೆ ಅತ್ಯಂತ ಇಷ್ಟವಾದ ಕೆಲಸವೂ ಇದೇ. ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಫ್ರಾನ್ಸಿನ ಕಡಲತೀರದ ಊರಾದ ಪೋರ್ನಿಕ್‌ನ ತಂಗುಮನೆಯಲ್ಲಿ, ತಿಕ್ಕಿ ತಿಕ್ಕಿ ಸವೆದ ಮರದ ನೆಲಹಾಸಿನ ಮೇಲೆ ಹಾಳೆ ಇಟ್ಟು ಪೆನ್ಸಿಲಿನ ಸೀಸದಿಂದ ಉಜ್ಜಿ ಅದರ ಎಳೆಗಳನ್ನು ಹಾಳೆಗಿಳಿಸಿಕೊಂಡರು. ನಮ್ಮ ಕಡೆ ಮಕ್ಕಳು ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುವುದೂ ಇದೇ. ನಾವು ಒರಳಿನ ಅಂಚು, ಹಳೆಯ ಬಾಗಿಲಿನ ಹಲಗೆ, ಬಿರುಕುಬಿಟ್ಟ ಗಾರೆನೆಲ, ಈ ಮೂರರ ಮೇಲೆ ತೆಳು ಟಿಶ್ಯೂ ಕಾಗದ ಇಟ್ಟು ಗ್ರಾಫೈಟ್ ಕಡ್ಡಿಯಿಂದ ಉಜ್ಜಿದೆವು. ಮೇಣದ ಕ್ರೆಯಾನ್ ಬೇಡ. ಅದರ ಮೇಲೆ ಯಾವ ನೀರಿನ ಬಣ್ಣವೂ ಕೂರುವುದಿಲ್ಲ, ಇಂದು ಚೆಂದ ಕಂಡರೂ ಮುಂದೆ ಆ ಜಾಗದಿಂದಲೇ ಮೇಲಿನ ಪದರಗಳು ಕಳಚುತ್ತವೆ. ಉಜ್ಜಿದ ಕಾಗದಕ್ಕೆ ಫಿಕ್ಸೆಟಿವ್ ಹೊಡೆದು, ಕ್ಯಾನ್ವಾಸಿಗೆ ಮ್ಯಾಟ್ ಮೀಡಿಯಂ ಹಚ್ಚಿ, ಕಾಗದ ಹಾಸಿ, ಮೇಲೆ ಮತ್ತೆ ಮೀಡಿಯಂ ಹಚ್ಚಿದೆವು. ಕುಂಚ ನಡುವಿನಿಂದ ಅಂಚಿಗೆ ಹೋಗಬೇಕು, ಗಾಳಿ ಹೊರಗೆ ಹೋಗಲು. ಒದ್ದೆಯಾದ ಟಿಶ್ಯೂ ಹಿಗ್ಗುತ್ತದೆ, ಸುಕ್ಕು ಬಂದೇ ಬರುತ್ತದೆ. ಒರಳಿನ ಭಾಗದಲ್ಲಿ ಸುಕ್ಕನ್ನು ಹಾಗೇ ಬಿಟ್ಟೆವು, ಬಾಗಿಲಿನ ಭಾಗದಲ್ಲಿ ಕಾಗದವನ್ನು ಅಂಗೈ ಅಗಲದ ತುಂಡುಗಳಾಗಿ ಹರಿದು ಅಂಟಿಸಿ ತಪ್ಪಿಸಿದೆವು. ಸುದ್ದಿಪತ್ರಿಕೆಯ ಕಾಗದ ಬಳಸಲಿಲ್ಲ. ಅದರಲ್ಲಿ ಉಳಿದ ಮರದ ಅಂಶ, ಲಿಗ್ನಿನ್, ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ.

ಆಮೇಲೆ ಏಳು ದಿನದ ಹಾಳೆಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಕ್ಯಾನ್ವಾಸಿಗೆ ಇಳಿಸಿದೆವು. ಎರಡನ್ನೂ ದೊಡ್ಡದು ಮಾಡಿ ಲೇಸರ್ ಪ್ರಿಂಟ್ ತೆಗೆಸಬೇಕು. ಇಂಕ್‌ಜೆಟ್ ಪ್ರಿಂಟ್ ನೀರು ಕಂಡರೆ ಕರಗುತ್ತದೆ. ಚಿತ್ರ ಕನ್ನಡಿಯಂತೆ ತಿರುಗುವುದರಿಂದ ಪ್ರಿಂಟಿಗೆ ಮೊದಲೇ ಎಡಬಲ ತಿರುಗಿಸಿಕೊಳ್ಳಬೇಕು. ನಮಗೆ ಇದು ಮುಖ್ಯವಾಗಿತ್ತು, ಎಡದ ಬಾಗಿಲು ಎಡಕ್ಕೇ ಬರಬೇಕು, ಬಲದ್ದು ಬಲಕ್ಕೇ. ಅಕ್ರಿಲಿಕ್ ಅಂಟಿನ ದಪ್ಪ ರೂಪವಾದ ಜೆಲ್ ಮೀಡಿಯಂ ಸುಮಾರು ಒಂದು ಮಿಲಿಮೀಟರ್ ದಪ್ಪ ಹಚ್ಚಿ, ಪ್ರಿಂಟಿನ ಮುಖ ಕೆಳಗೆ ಮಾಡಿ ಇಟ್ಟು, ಹಳೆಯ ಎಟಿಎಂ ಕಾರ್ಡಿನಿಂದ ಒತ್ತಿ ಎಳೆದೆವು. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು. ನಾವು ಮಾಡಿದ್ದು ಜುಲೈ ಮಳೆಯಲ್ಲಿ, ಮೂವತ್ತಾರು ಗಂಟೆ ಕಾದೆವು.

ಕಾಗದ ತೆಗೆಯುವ ಕೆಲಸ ಹೀಗೆ. ಸ್ಪಂಜಿನಿಂದ ಒದ್ದೆ ಮಾಡಿ ಎರಡು ನಿಮಿಷ ಬಿಟ್ಟರೆ ಬಿಳಿ ಹಾಳೆ ಬೂದಿಯಾಗಿ, ಅದರ ಕೆಳಗಿನ ಗೆರೆ ಮಂಜಿನೊಳಗಿನ ಮರದಂತೆ ಕಾಣುತ್ತದೆ. ತೋರುಬೆರಳಿನ ಮೆತ್ತನೆಯ ಭಾಗದಿಂದ ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಬೇಕು. ಕಾಗದ ಎಳೆಯೆಳೆಯಾಗಿ ಎದ್ದು, ಬತ್ತಿ ಹೊಸೆದ ಹಾಗೆ ಸುರುಳಿಯಾಗಿ ಬೆರಳಿನ ಅಡಿಯಲ್ಲಿ ಉರುಳುತ್ತದೆ. ಉಗುರು ತಾಗಿದರೆ ಗೆರೆಯೇ ಕಿತ್ತುಬರುತ್ತದೆ. ಒಂದು ಸಲ ಒಣಗಿದ ಮೇಲೆ ಮತ್ತೆ ಬೆಳ್ಳಗಿನ ಪೊರೆ ಕಾಣುತ್ತದೆ, ಮತ್ತೆ ಒದ್ದೆ ಮಾಡಿ ಉಜ್ಜಬೇಕು. ಮೂರು ಸಲ ಆದ ಮೇಲೂ ಉಳಿದ ನವಿರಾದ ಪೊರೆಯನ್ನು ತೆಗೆಯಲು ಹೋಗಬಾರದು, ಮೇಲೆ ಮೀಡಿಯಂ ಹಚ್ಚಿದರೆ ಅದು ಪಾರದರ್ಶಕವಾಗುತ್ತದೆ. ಎರಡಡಿ ಹಾಳೆಗೆ ಒಂದು ಸಂಜೆಯೇ ಬೇಕು. ಎಡಬಾಗಿಲಿನ ಕೆಳಗಿನ ಮೂಲೆಯಲ್ಲಿ ನಾವು ಅವಸರ ಮಾಡಿ ನಾಲ್ಕು ಬೆರಳಗಲ ಕಿತ್ತುಹೋಯಿತು. ಅದನ್ನು ಸರಿಪಡಿಸಲಿಲ್ಲ. ಏಳು ದಿನದಲ್ಲಿ ಹಂಡೆ ಹೋದದ್ದೂ ಹಾಗೆಯೇ ತಾನೆ.

ಇಷ್ಟೆಲ್ಲ ಮಾಡಿ, ನಾಲ್ಕನೆಯ ಪದರದಲ್ಲಿ ಮುಕ್ಕಾಲು ಭಾಗವನ್ನು ಕಪ್ಪಿನಿಂದ ಮುಚ್ಚಿದೆವು. ಧೈರ್ಯ ಬೇಕಾದದ್ದು ಇಲ್ಲಿ. ಮುಚ್ಚಲು ಮನಸ್ಸು ಬಾರದೆ ಸುತ್ತಲೂ ಸಣ್ಣಸಣ್ಣದಾಗಿ ತಿದ್ದುತ್ತ ಕೂತರೆ ಚಿತ್ರ ಅಂಟಿಸಿದ ಕಾಗದಗಳ ಪ್ರದರ್ಶನವಾಗುತ್ತದೆ. 1925ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಮನಸ್ಸನ್ನು ಮಕ್ಕಳ ಮ್ಯಾಜಿಕ್ ಸ್ಲೇಟಿಗೆ ಹೋಲಿಸಿದರು. ಮೇಲಿನ ಹಾಳೆ ಎತ್ತಿದರೆ ಬರಹ ಮಾಯ, ಆದರೆ ಅಡಿಯ ಮೇಣದಲ್ಲಿ ಗೀರು ಉಳಿದಿರುತ್ತದೆ. ನಮ್ಮಲ್ಲಿ ಇದಕ್ಕೆ ಹತ್ತಿರದ ವಸ್ತು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ನಮ್ಮ ಕ್ಯಾನ್ವಾಸೂ ಈ ಹಂತದಲ್ಲಿ ದೊಡ್ಡದೊಂದು ಕಡತವೇ ಆಯಿತು.

ಟ್ಯೂಬಿನ ಕಪ್ಪು ಸತ್ತ ಕಪ್ಪು. ಅಲ್ಟ್ರಾಮರೀನ್ ನೀಲಿ ಮೂರು ಭಾಗ, ಬರ್ನ್ಟ್ ಅಂಬರ್ ಎರಡು ಭಾಗ ಕಲಸಿದರೆ ಬರುವ ಕಪ್ಪಿಗೆ ಒಳಗೊಂದು ಉಸಿರಿರುತ್ತದೆ, ನೀಲಿ ಹೆಚ್ಚಿಸಿದರೆ ರಾತ್ರಿ, ಕಂದು ಹೆಚ್ಚಿಸಿದರೆ ಮಸಿ. ಇನ್ನೂರು ಮಿಲಿಲೀಟರ್‌ನಷ್ಟು ಕಲಸಿ ಅದಕ್ಕೆ ನೂರಕ್ಕೆ ಹತ್ತರಷ್ಟು ರಿಟಾರ್ಡರ್ ಹಾಕಿದೆವು, ನಿಧಾನವಾಗಿ ಒಣಗಲೆಂದು. ಹದಿನೈದು ದಾಟಿದರೆ ವಾರಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಇಡೀ ಜಾಗಕ್ಕೆ ಒಮ್ಮೆಲೇ ಹಚ್ಚದೆ ಒಂದೊಂದು ಚದರಡಿಯಂತೆ ಹಚ್ಚಿ, ನಾಲ್ಕು ನಿಮಿಷ ಬಿಟ್ಟು, ಕಿಟಕಿ ಗಾಜು ಒರೆಸುವ ರಬ್ಬರ್ ಪಟ್ಟಿಯಿಂದ ಎಳೆದೆವು. ಕೆಳಗಿನ ಒರಳು, ಬಾಗಿಲು, ಎಡಗೈ ಗೆರೆ ಎಲ್ಲ ಹೊಗೆ ಸರಿದಾಗ ಕಂಡಂತೆ ಅಲ್ಲಲ್ಲಿ ಎದ್ದವು. ಎರಡು ನಿಮಿಷಕ್ಕೇ ಎಳೆದರೆ ಎಲ್ಲ ಕಪ್ಪೂ ಬಂದುಬಿಡುತ್ತದೆ, ಎಂಟು ನಿಮಿಷವಾದರೆ ಅಂಚು ಒಣಗಿ ನಡು ಮಾತ್ರ ಎದ್ದು ಕಾಫಿ ಲೋಟದ ಕಲೆಯಂತೆ ಉಂಗುರ ಉಳಿಯುತ್ತದೆ. ಬಿಸಿಲುಕಾಲದಲ್ಲಿ ಮಾಡುವವರು ಈ ನಾಲ್ಕನ್ನು ಎರಡಕ್ಕೆ ಇಳಿಸಿಕೊಳ್ಳಬೇಕು, ಕೈಯಲ್ಲಿ ನೀರಿನ ಸ್ಪ್ರೇ ಇರಬೇಕು. ಅಮೂರ್ತ ಚಿತ್ರಕಾರ ವಿ. ಎಸ್. ಗಾಯ್ತೊಂಡೆ ರೋಲರ್ ಮತ್ತು ಪ್ಯಾಲೆಟ್ ನೈಫಿನಿಂದ ಬಣ್ಣ ಹಚ್ಚಿ ತೆಗೆದು ಕಟ್ಟಿದ ಆಳವನ್ನು ಎದುರಿಗೆ ನಿಂತು ನೋಡಿದವರಿಗೆ, ಹಚ್ಚುವುದರಷ್ಟೇ ತೆಗೆಯುವುದೂ ಚಿತ್ರಕಲೆ ಎಂಬುದು ಬೇರೆ ಹೇಳಬೇಕಿಲ್ಲ.

ಕಪ್ಪು ಪೂರ್ತಿ ಒಣಗಿದ ಮೇಲೆ ಬಳಪದ ಕಡ್ಡಿ ತೆಗೆದುಕೊಂಡು, ಕೋಣೆಗೆ ಸಂಬಂಧಪಟ್ಟ ಮಾತುಗಳನ್ನು ಓದಲಾಗದಷ್ಟು ಒತ್ತೊತ್ತಾಗಿ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆದು, ಮತ್ತೆ ಒರೆಸಿದೆವು. ಬಳಪ ಬಟ್ಟೆಯ ನೇಯ್ಗೆಯ ತಗ್ಗಿನಲ್ಲಿ ಕೂತು ಸಣ್ಣ ಬಿಳಿ ಮಂಜು ಉಳಿಸುತ್ತದೆ. ಇಲ್ಲಣ ಹಿಡಿದ ಗೋಡೆಗೆ ಬೆಳಕು ಬಿದ್ದಾಗ ಹೀಗೇ ಕಾಣುತ್ತದೆ. ಅದು ತಾನಾಗಿ ಅಂಟಿಕೊಳ್ಳುವುದಿಲ್ಲ. ಕುಂಚ ಮುಟ್ಟಿಸಿದರೆ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಫಿಕ್ಸೆಟಿವ್, ಒಣಗಿದ ಮೇಲೆ ತೆಳು ಮೀಡಿಯಂ.

ಇಲ್ಲಿಗೆ ಆರು ವಾರ. ನಾಲ್ಕು ದಿನ ಬಿಟ್ಟು ಎಣ್ಣೆಬಣ್ಣಕ್ಕೆ ಹೋದೆವು. ಅಕ್ರಿಲಿಕ್ ಮೇಲೆ ಎಣ್ಣೆ ಹಚ್ಚಬಹುದು, ಎಣ್ಣೆಯ ಮೇಲೆ ಅಕ್ರಿಲಿಕ್ ಖಂಡಿತ ಬೇಡ, ಹಿಡಿಯುವುದಿಲ್ಲ. ಎಣ್ಣೆಯಲ್ಲೂ ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಹೆಚ್ಚಿರಬೇಕು. ಮೊದಲ ತೆಳು ಲೇಪಕ್ಕೆ ಅಗಸೆ ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಎರಡು ಪಾಲು. ಮುಂದಿನದಕ್ಕೆ ಸಮಸಮ. ತಲೆಕೆಳಗಾದರೆ ಮೇಲಿನದು ಬೇಗ ಒಣಗಿ ಬಿಗಿಯುತ್ತದೆ, ಕೆಳಗಿನದು ಇನ್ನೂ ಅಲ್ಲಾಡುತ್ತಿರುತ್ತದೆ, ಬಿರುಕು ಖಚಿತ. ಬರ್ನ್ಟ್ ಸಿಯೆನ್ನಾ ತೆಳುವಾಗಿ ಹಚ್ಚಿ ಹಳೆಯ ಪಂಚೆಯ ತುಂಡಿನಿಂದ ಒರೆಸಿದಾಗ ಕಪ್ಪಿನೊಳಗೆ ಕೆಂಡದ ಛಾಯೆ ಬಂತು. ಚಿತ್ರದ ಕೆಳಭಾಗ ಬೆಚ್ಚಗಾದದ್ದು ಹೀಗೆ.

ಎರಡನೆಯ ದೊಡ್ಡ ತಪ್ಪು ಮೇಲಿನ ಎಡಮೂಲೆಯಲ್ಲಿ. ಅಲ್ಲಿ ಇನ್ನೂ ಗಾಢ ಬೇಕೆನಿಸಿ ಐವರಿ ಬ್ಲ್ಯಾಕ್‌ಗೆ ಎಣ್ಣೆ ಹೆಚ್ಚಾಗಿಯೇ ಬೆರೆಸಿ ಮೂರು ಮಿಲಿಮೀಟರ್ ದಪ್ಪ ಬಳಿದೆವು. ಐದನೇ ದಿನ ಮೇಲೆ ತೊಗಲು ಕಟ್ಟಿ, ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಎಣ್ಣೆಬಣ್ಣ ಒಣಗುವುದು ನೀರು ಆರಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ. ಮೇಲ್ಮೈ ಮೊದಲು ಹೀರಿ ಹಿಗ್ಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಐವರಿ ಬ್ಲ್ಯಾಕ್ ಮೊದಲೇ ನಿಧಾನದ ಬಣ್ಣ. ಅಂಬರ್ ಆಗಿದ್ದರೆ ಅದರಲ್ಲಿರುವ ಮ್ಯಾಂಗನೀಸಿನಿಂದ ಒಂದೆರಡು ದಿನಕ್ಕೇ ಒಣಗುತ್ತಿತ್ತು. ಒಂಬತ್ತನೇ ದಿನ ಎಲ್ಲವನ್ನೂ ಚಾಕುವಿನಿಂದ ಕೆರೆದು, ಟರ್ಪೆಂಟೈನ್‌ನಿಂದ ಒರೆಸಿ, ರಾ ಅಂಬರ್ ಮತ್ತು ಅಲ್ಟ್ರಾಮರೀನ್‌ನಲ್ಲಿ ತೆಳುವಾಗಿ ಮತ್ತೆ ಕಟ್ಟಿದೆವು. ಹೀಗೆ ಒರೆಸಿದ ಬಟ್ಟೆಗಳ ವಿಷಯದಲ್ಲಿ ಒಂದು ಮಾತು ಬಹಳ ಗಂಭೀರವಾಗಿ: ಅಗಸೆ ಎಣ್ಣೆ ಹೀರಿದ ಬಟ್ಟೆ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದರೆ ತನ್ನಷ್ಟಕ್ಕೆ ತಾನೇ ಕಾದು ಬೆಂಕಿ ಹತ್ತಬಹುದು. ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಕ್ಕೇ ಹಾಕಬೇಕು.

ಬಣ್ಣ ಕೊಳ್ಳುವಾಗ ಟ್ಯೂಬಿನ ಮೇಲಿನ ಹೆಸರಿಗಿಂತ ವರ್ಣದ್ರವ್ಯದ ಸಂಖ್ಯೆ ನೋಡಿ. ಪಿಬಿ 29 ಅಲ್ಟ್ರಾಮರೀನ್, ಪಿಬಿಆರ್ 7 ಸಿಯೆನ್ನಾ ಅಂಬರ್ ಜಾತಿ, ಇವು ಬೆಳಕಿಗೆ ಜಗ್ಗುವುದಿಲ್ಲ. ಪಿಆರ್ 83 ಅಲಿಜರಿನ್ ಕೆಂಪು ಮಾಸುತ್ತದೆ. ಮಾರ್ಕ್ ರೋಥ್ಕೊ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಮಾಡಿದ ದೊಡ್ಡ ಚಿತ್ರಗಳು 1964ರಲ್ಲಿ ಗೋಡೆಗೇರಿದವು, ಅವುಗಳಲ್ಲಿದ್ದ ಲಿಥಾಲ್ ರೆಡ್ ಎಂಬ ಕೆಂಪು ವರ್ಣದ್ರವ್ಯ ಕಿಟಕಿಯ ಬಿಸಿಲಿಗೆ ಮಾಸಿ 1979ರ ಹೊತ್ತಿಗೆ ಉಗ್ರಾಣ ಸೇರಿದವು. ಅಂಥ ಕಲಾವಿದನ ಕೆಂಪು ಹದಿನೈದು ವರ್ಷ ನಿಲ್ಲದಿದ್ದುದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಉಳಿದದ್ದು ಬೆಳಕು. ಟೈಟೇನಿಯಂ ಬಿಳಿಗೆ ಓಕರ್ ಸ್ವಲ್ಪ, ಅಲ್ಟ್ರಾಮರೀನ್ ಸೂಜಿಮೊನೆಯಷ್ಟು. ಝಿಂಕ್ ಬಿಳಿ ಬಿಟ್ಟೆವು, ಎಣ್ಣೆಯಲ್ಲಿ ಅದರ ಪದರ ಪೆಡಸಾಗಿ ಏಳುತ್ತದೆ. ಗೋಡೆಗೆ ಪುಟ್ಟಿ ಎಳೆಯುವ ನಾಲ್ಕಂಗುಲದ ಬ್ಲೇಡಿನಿಂದ, ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಒಂದೇ ಎಳೆತ. ಕುಂಚದಲ್ಲಿ ತಿದ್ದಿ ತಿದ್ದಿ ಮಾಡಿದ ಬೆಳಕು ಹಾಳೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ, ಅದಕ್ಕೆ ಬ್ಲೇಡು. ಮೊದಲ ಎಳೆತ ನಡುವಿಗೆ ಬಂದಾಗ ಬಣ್ಣ ಒಮ್ಮೆಗೇ ತೆಳುವಾಗಿ ಗೆರೆ ಮುರಿಯಿತು. ಒರೆಸಿ ಮತ್ತೆ ಎಳೆದೆವು, ಅದೇ ಜಾಗದಲ್ಲಿ ಅದೇ ಮುರುಕು. ಮೂರನೆಯ ಸಲವೂ ಹಾಗೆಯೇ ಆದಾಗ ಕೈಯ ತಪ್ಪಲ್ಲವೆಂದು ತಿಳಿಯಿತು. ಹಿಂದೆ ಅಡ್ಡಪಟ್ಟಿ ಇದ್ದ ಕಡೆ ಬಟ್ಟೆ ತಗ್ಗುತ್ತಿರಲಿಲ್ಲ, ಅದರ ಎರಡು ಬದಿಗೆ ತಗ್ಗುತ್ತಿತ್ತು. ಬ್ಲೇಡು ಪಟ್ಟಿಯ ಮೇಲೆ ಬಂದ ಕೂಡಲೇ ಬಣ್ಣವನ್ನು ಕೆರೆದು ಒಯ್ಯುತ್ತಿತ್ತು. ಕ್ಯಾನ್ವಾಸನ್ನು ನೆಲಕ್ಕೆ ಮಲಗಿಸಿ, ಹಿಂಬದಿಯ ಎರಡು ಖಾನೆಗಳಿಗೆ ಅಡ್ಡಪಟ್ಟಿಯ ಎತ್ತರಕ್ಕೆ ಸರಿಯಾಗಿ ಪ್ಲೈವುಡ್ ಮತ್ತು ರಟ್ಟು ಜೋಡಿಸಿ ಎಳೆದಾಗ ನಾಲ್ಕನೆಯ ಎಳೆತ ನಿಂತಿತು. ಕೆರೆಯುವ ಕೆಲಸಕ್ಕೂ ಮೊದಲಿನಿಂದಲೇ ಈ ಆಸರೆ ಕೊಡಬೇಕಿತ್ತು. ಕಪ್ಪು ಪದರದಲ್ಲಿ ಅಡ್ಡಪಟ್ಟಿಯ ನೆರಳಿನಂಥ ಗುರುತು ಇಂದಿಗೂ ಇದೆ.

ಈ ಹಂತದಲ್ಲಿ ಎಲ್ಲರಿಗೂ ಎದುರಾಗುವ ಇನ್ನೊಂದು ತೊಂದರೆ ಮುಖ. ಎರಡು ಗಾಢ ಚುಕ್ಕೆ, ಅಡಿಗೊಂದು ಅಡ್ಡಗೆರೆ ಇದ್ದರೆ ಸಾಕು, ನೋಡುವ ಕಣ್ಣು ಮುಖ ಕಟ್ಟಿಕೊಳ್ಳುತ್ತದೆ. ಒಮ್ಮೆ ಕಂಡರೆ ಚಿತ್ರ ಪೂರ್ತಿ ಅದೇ ಆಗುತ್ತದೆ. ನಮ್ಮ ಬಲಬಾಗಿಲಿನ ಮೇಲೆ ಒರಳಿನ ಎರಡು ಗುರುತು ಸೇರಿ ಹಾಗಾಯಿತು. ಕ್ಯಾನ್ವಾಸನ್ನು ತಲೆಕೆಳಗು ಮಾಡಿ, ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿದಾಗ ಕಾರಣ ಸಿಕ್ಕಿತು: ಎರಡು ಚುಕ್ಕೆಗಳೂ ಒಂದೇ ಗಾಢತೆಯವು, ಒಂದೇ ಎತ್ತರದವು. ಒಂದನ್ನು ಸಿಯೆನ್ನಾ ಲೇಪದಿಂದ ಎರಡು ಮೆಟ್ಟಿಲು ತಿಳಿಯಾಗಿಸಿದೆವು, ಮುಖ ಚದುರಿತು. ಕಣ್ಣು, ಗಡಿಯಾರ, ಏಣಿ, ಹಾರುವ ಹಕ್ಕಿ ಇವನ್ನು ಬೇಕೆಂದೇ ತಂದಿಡುವವರಿಗೆ ನಮ್ಮ ವಿರೋಧವಿದೆ. ಅವು ಸುಪ್ತಮನಸ್ಸಿನಿಂದ ಬಂದವಲ್ಲ, ಕ್ಯಾಲೆಂಡರಿನಿಂದ ಬಂದವು.

ಮುಗಿಯಿತೆನಿಸಿದ ದಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹತ್ತು ದಿನ ತಿರುಗಿಸಲಿಲ್ಲ. ಹನ್ನೊಂದನೇ ದಿನ ತಿರುಗಿಸಿ ಹದಿನೈದಡಿ ದೂರದಿಂದ ನೋಡಿದಾಗ ಬೇಡವೆನಿಸಿದ್ದು ಬೆಳಕಿನ ಕೆಳತುದಿಯ ಚೂಪು ಮಾತ್ರ. ಬಟ್ಟೆಯಲ್ಲಿ ಒಂದು ಸಲ ಒತ್ತಿ ತೆಗೆದೆವು, ಅಷ್ಟೇ.

ಈಗ ಅದು ಗೋಡೆಯ ಮೇಲಿದೆ. ಗೋಡೆ ಮತ್ತು ಚೌಕಟ್ಟಿನ ನಡುವೆ ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ತುಂಡು ಅಂಟಿಸಿ ಗಾಳಿಗೆ ಜಾಗ ಬಿಟ್ಟಿದ್ದೇವೆ. ಮಳೆಗಾಲದಲ್ಲಿ ಹಸಿಗೋಡೆಗೆ ತಾಗಿದರೆ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಚೌಕಟ್ಟಿನ ಮರದ ಮೇಲೆ, ಬಟ್ಟೆಗೆ ತಾಗದಂತೆ, ಪೆನ್ಸಿಲಿನಲ್ಲಿ ಪದರಗಳ ಪಟ್ಟಿ ಬರೆದಿದ್ದೇವೆ. ಯಾವ ಪದರ ಯಾವ ತಾರೀಕು, ಯಾವ ಮೀಡಿಯಂ, ಎಲ್ಲಿ ಕಾಗದವಿದೆ, ಎಲ್ಲಿ ಬಳಪವಿದೆ ಎಂದು, ಮುಂದೆ ಯಾರಾದರೂ ಇದನ್ನು ಸರಿಪಡಿಸಬೇಕಾಗಿ ಬಂದರೆ ಅವರಿಗೆ ಗೊತ್ತಾಗಲಿ ಎಂದು. ಪಟ್ಟಿಯ ಕೊನೆಯ ಸಾಲು: ಬಿಳಿ ದಪ್ಪವಿದೆ, ವಾರ್ನಿಶ್‌ಗೆ ಒಂದು ವರ್ಷ ಕಾಯಬೇಕು.